ಕಾರು ಬಿಡುವ ಹುಡುಗಿ

"ರೀ... ಪಕ್ಕಕ್ಕೆ... ಪಕ್ಕಕ್ಕೆ ಹೋಗ್ರೀ!"

ಜಯಶೀಲಾ ಕೂಗಿದಳು, ಹಾರನ್ ಒತ್ತಿದಳು, ಬ್ರೇಕನ್ನೂ ತುಳಿದಳು. ಆದರೆ ಮುಂದೆ ಸೈಕಲ್ ಮೇಲೆ ಹೋಗುತ್ತಿದ್ದ ಮನುಷ್ಯ ಯಾವ ಲೋಕದಲ್ಲಿದ್ದನೋ! ಬೆಚ್ಚಿಬಿದ್ದು ಹ್ಯಾಂಡಲ್ ತಿರುಗಿಸಿದವನೇ ಸೀದಾ ಕಬ್ಬಿನ ಗದ್ದೆಯ ಕಾಲುವೆಗೆ ಇಳಿದುಬಿಟ್ಟ.

ಮಲವಗೊಪ್ಪದ ರಸ್ತೆಯ ಧೂಳು ಕರಗುವವರೆಗೂ ಅವಳಿಗೆ ಉಸಿರು ಬರಲಿಲ್ಲ.

'ದೇವರೇ... ಏನೂ ಆಗಿರಬಾರದು... ಏನಾದರೂ ಆಗಿದ್ದರೆ ಅಪ್ಪಾಜಿ ಇನ್ನು ಸ್ಟೇರಿಂಗ್ ಮುಟ್ಟಲು ಕೊಡುವುದಿಲ್ಲ!'

ಕಾಲುವೆಯಿಂದ ಮೊದಲು ಮೇಲೆ ಬಂದದ್ದು ಶಾಲೆಯ ಗೋಡೆಗೆ ತೂಗುಹಾಕುವ ಭೂಪಟದ ಉದ್ದನೆಯ ಸುರುಳಿ. ಅದನ್ನು ತಲೆಗಿಂತ ಎತ್ತರಕ್ಕೆ ಎತ್ತಿಹಿಡಿದಿದ್ದವನು ಆಮೇಲೆ ಬಂದ. ಬಿಳಿ ಪಂಚೆ, ಅಂಗಿ, ಮುಖ ಎಲ್ಲ ಕೆಸರಾಗಿತ್ತು.

"ಮೈಸೂರು ರಾಜ್ಯ ಒದ್ದೆಯಾಗ್ಲಿಲ್ಲ," ಎಂದ ಬಹಳ ಸಮಾಧಾನದಿಂದ.

ಅವಳಿಗೆ ಹೆದರಿಕೆ ಹೋಗಿ ಸಿಟ್ಟು ಬಂತು. "ನೋಡ್ಕೊಂಡು ಸೈಕಲ್ ತುಳೀಬಾರದಾ?"

"ನೋಡ್ಕೊಂಡೇ ತುಳೀತಿದ್ದೆ. ಕಾರು ಬಿಡ್ತಿರೋರು ಯಾರು ಅಂತ ತಿರುಗಿ ನೋಡಿದೆ ನೋಡಿ, ಅದೇ ತಪ್ಪಾಯ್ತು."

"ಯಾಕೆ? ಹೆಂಗಸರು ಕಾರು ಬಿಡಬಾರದಾ?"

"ನಾನು ಹಾಗಂದ್ನಾ?" ಅವನು ಕಣ್ಣಿನ ಮೇಲಿನ ಕೆಸರು ಒರೆಸಿಕೊಂಡ. "ಚೆನ್ನಾಗೇ ಬಿಡ್ತೀರಿ. ನಾನು ಬೀಳೋಕೆ ಜಾಗ ಉಳಿಸಿ ನಿಲ್ಲಿಸಿದ್ರಲ್ಲ!"

ಜಯಶೀಲಾಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ನಕ್ಕಾಗ ಕೆಸರಿನ ಮುಖದಲ್ಲಿ ಹಲ್ಲು ಮಾತ್ರ ಕಂಡಿತು... ಆದರೂ ಆ ಮುಖ ಅವಳಿಗೆ ಅಂದು ಮನೆ ಸೇರಿದ ಮೇಲೂ ಮರೆತುಹೋಗಲಿಲ್ಲ.

ಹೆಸರು ಉಜ್ಜನಪ್ಪ. ಭದ್ರಾವತಿಯ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಮನೆ ಜನ್ನಾಪುರ, ಮನೆಯಲ್ಲಿ ತಾಯಿ ಕಾಶಮ್ಮ ಒಬ್ಬರೇ. ಅವನ ಬಾಗಿದ ಸೈಕಲ್ಲನ್ನು ಕಾರಿನ ಬೆನ್ನಿಗೆ ಕಟ್ಟಿ ಜನ್ನಾಪುರದವರೆಗೆ ಬಿಟ್ಟು ಬರುವಷ್ಟರಲ್ಲಿ ಅವಳಿಗೆ ಇಷ್ಟೂ ತಿಳಿದಿತ್ತು. ಕೇಳದೆಯೇ ತಿಳಿಯಿತು ಎಂದು ಅವಳು ಹೇಳುತ್ತಿದ್ದಳು, ನಂಬುವವರು ನಂಬಲಿ!

*

ಸಾವಿರದ ಒಂಬೈನೂರ ಅರವತ್ತೆರಡು ಆಗಷ್ಟೇ ಹುಟ್ಟಿತ್ತು. ಶಿವಮೊಗ್ಗದಲ್ಲಿ ಕಾರು ಇಟ್ಟವರೇ ಕಡಿಮೆ, ಅದನ್ನು ಬಿಡುವ ಹೆಣ್ಣುಮಗಳು ಜಯಶೀಲಾ ಒಬ್ಬಳೇ. ಅವಳ ತಂದೆ ವಕೀಲ ಷಡಕ್ಷರಪ್ಪನವರು. ಊರಿಗೆ ಹೊರಟ ಇಂಗ್ಲಿಷ್ ಸಾಹೇಬನೊಬ್ಬನಿಂದ ಅವರು ಹಿಂದೆ ಕೊಂಡಿದ್ದು ಎರಡೇ ಸೀಟಿನ, ಮೇಲ್ಛಾವಣಿಯಿಲ್ಲದ, ಹಸಿರು ಬಣ್ಣದ ಸ್ಪೋರ್ಟ್ಸ್ ಕಾರು. ಮಗಳಿಗಿಂತಲೂ ವಯಸ್ಸಾದ ಗಾಡಿ. ಉದ್ದ ಮೂತಿ, ಹೊರಗೆ ಚಾಚಿದ ದೊಡ್ಡ ದೀಪಗಳು. ಬೀದಿಯ ಮಕ್ಕಳು ಅದಕ್ಕೆ ಮಿಡತೆ ಎಂದು ಹೆಸರಿಟ್ಟಿದ್ದರು.

ಷಡಕ್ಷರಪ್ಪನವರಿಗೆ ಕಾರು ಕಂಡರೆ ಪ್ರಾಣ. ಮಗಳಿಗೆ ಕಲಿಸಿದವರೂ ಅವರೇ. ಆದರೆ ಕಲಿಸಿದ ಮೇಲೆ ಹೆದರಿದರು! "ಯಾರ ಕಾರು ಸ್ವಾಮಿ?" ಎಂದು ಯಾರಾದರೂ ಕೇಳಿದರೆ, ಸ್ಟೇರಿಂಗ್ ಹಿಂದೆ ಮಗಳು ಕೂತಿದ್ದರೂ, "ನಂದು," ಎನ್ನುತ್ತಿದ್ದರು.

ಅಂಥಾ ಹೊತ್ತಿನಲ್ಲಿ ಜಿಲ್ಲೆಯ ಮೋಟಾರು ಸಂಘದವರು ಡಂಗುರ ಸಾರಿದರು. ಹಳೇ ಸ್ಪೋರ್ಟ್ಸ್ ಕಾರುಗಳಿಗೆ ದಿನವಿಡೀ ರೇಸು! ಶಿವಮೊಗ್ಗದ ತುಂಗಾ ಸೇತುವೆಯಿಂದ ಭದ್ರಾವತಿಗೆ, ಅಲ್ಲಿಂದ ಮತ್ತೆ ಸೇತುವೆಗೆ. ಬೆಳಗಿನಿಂದ ಹೊತ್ತು ಮುಳುಗುವವರೆಗೂ ಓಡುತ್ತಲೇ ಇರಬೇಕು. ವೇಗಕ್ಕಿಂತ ತಾಳಿಕೆ ಮುಖ್ಯ. ಕಾರಿನಲ್ಲಿ ಯಾವಾಗಲೂ ಇಬ್ಬರಿರಬೇಕು, ಗಾಡಿ ಕೆಟ್ಟರೆ ಇಳಿದು ತಳ್ಳುವವರು ಬೇಕಲ್ಲ!

"ನಾನೂ ಸೇರ್ತೀನಿ ಅಪ್ಪಾಜಿ," ಎಂದಳು ಜಯಶೀಲಾ.

ಷಡಕ್ಷರಪ್ಪ ಕನ್ನಡಕ ತೆಗೆದು ಮಗಳನ್ನು ನೋಡಿದರು. "ಕಾಫಿ ತೋಟದ ಸಾಹುಕಾರರು, ಮೈಸೂರಿನ ಡಾಕ್ಟರುಗಳು ಬರ್ತಾರಮ್ಮ. ಅವರೆಲ್ಲ ಪಳಗಿದ ಕೈಗಳು."

"ನಂದು ನೀವು ಪಳಗಿಸಿದ ಕೈ ಅಲ್ವಾ?"

ವಕೀಲರು ಕನ್ನಡಕವನ್ನು ಮತ್ತೆ ಏರಿಸಿಕೊಂಡರು. ಕೊನೆಗೆ, "ಸಂಜೆವರೆಗೂ ಓಡಿಸ್ಕೊಂಡು ಸೇತುವೆ ಮುಟ್ಟಿದ್ರೆ ಕಾರು ನಿನ್ನದು. ದಾರೀಲಿ ನಿಂತುಬಿಟ್ರೆ ಇನ್ನು ಸ್ಟೇರಿಂಗ್ ಮುಟ್ಟೋ ಹಾಗಿಲ್ಲ. ಒಪ್ಪಿಗೆನಾ?" ಎಂದರು.

"ಒಪ್ಪಿಗೆ!"

ಒಳಗಿನಿಂದ ಸೋದರತ್ತೆ ದಾಕ್ಷಾಯಣಮ್ಮ ಸೌಟು ಹಿಡಿದುಕೊಂಡೇ ಬಂದರು. ತಾಯಿಯಿಲ್ಲದ ಹುಡುಗಿಯನ್ನು ಸಾಕಿದವರು ಅವರು. "ಏನು ಮಾರಾಯ್ತಿ ಇದು! ಮದುವೆಯಾಗೋ ಹುಡುಗಿ ಧೂಳು ತಿನ್ಕೊಂಡು ರಸ್ತೆ ಅಳೆಯೋದಾ? ಯಾರು ಮಾಡ್ಕೊಳ್ತಾರೆ ನಿನ್ನ?"

ಹುಡುಗಿಯ ಮನಸ್ಸು ಆಗ ಜನ್ನಾಪುರದಲ್ಲಿತ್ತು.

ದಿನವೂ ಸಂಜೆ ಅವಳು ಅಭ್ಯಾಸಕ್ಕೆ ಕಾರು ತರುತ್ತಿದ್ದಳು, ದಿನವೂ ಸಂಜೆ ಮೇಷ್ಟ್ರಿಗೆ ಮಲವಗೊಪ್ಪದ ಕಡೆ ಏನೋ ಕೆಲಸ ಬೀಳುತ್ತಿತ್ತು. ಅವಳು ತಿರುವಿನಲ್ಲಿ ಗೇರು ಬದಲಿಸುವುದನ್ನು ಅವನು ರಸ್ತೆಬದಿ ನಿಂತು ಬಾಯಿಬಿಟ್ಟು ನೋಡುತ್ತಿದ್ದ. ಕಾರಿನ ಬಗ್ಗೆ ಅವನಿಗೆ ಏನೆಂದರೆ ಏನೂ ಗೊತ್ತಿರಲಿಲ್ಲ. ಆದರೆ ಅವಳು ಬಿಡುವ ಚೆಂದ ಗೊತ್ತಿತ್ತು.

"ನೀವು ಸ್ಟೇರಿಂಗ್ ಹಿಡಿದಾಗ ಬೇರೆಯೇ ಆಗಿಬಿಡ್ತೀರಿ," ಎಂದ ಒಂದು ಸಂಜೆ.

"ಹೇಗೆ?"

"ಯಾರ ಅಪ್ಪಣೆಯೂ ಬೇಡದವರ ಹಾಗೆ."

ಅಂದು ಮನೆಗೆ ಬರುವಾಗ ಜಯಶೀಲಾ ದಾರಿಯುದ್ದಕ್ಕೂ ಸುಮ್ಮಸುಮ್ಮನೆ ಹಾರನ್ ಹೊಡೆದಳು. ಎದುರು ಬಂದ ಎತ್ತಿನಗಾಡಿಯವರು ಬೈದದ್ದು ಅವಳ ಕಿವಿಗೇ ಬೀಳಲಿಲ್ಲ.

*

ಸಂಬಂಧದ ಮಾತು ತೆಗೆದವರು ಷಡಕ್ಷರಪ್ಪನವರೇ. ಮಗಳ ಮನಸ್ಸು ತಿಳಿಯದಷ್ಟು ದಡ್ಡ ವಕೀಲರಲ್ಲ ಅವರು. ತಂಗಿಯನ್ನೇ ಜನ್ನಾಪುರಕ್ಕೆ ಕಳಿಸಿದರು. ದಾಕ್ಷಾಯಣಮ್ಮ ಕಾಶಮ್ಮನ ಕೈಯ ಕಾಫಿ ಕುಡಿದು, ವರೋಪಚಾರದ ಮಾತು ಎತ್ತಿ, ಹುಡುಗನ ಅಭಿಪ್ರಾಯ ಕೇಳಿ ಬಂದರು.

"ಒಳ್ಳೇ ಜನ ಅಣ್ಣಯ್ಯ. ವರದಕ್ಷಿಣೆ ಬೇಡವಂತೆ, ಬಂಗಾರ ಬೇಡವಂತೆ. ಹುಡುಗ ಹೇಳಿದ್ದು ಒಂದೇ ಮಾತು." ಅತ್ತೆ ಜಯಶೀಲಾ ಕಡೆ ತಿರುಗಿದರು. ಅವರ ಮುಖದಲ್ಲಿ ಗೆದ್ದ ಕಳೆ ಇತ್ತು. "'ಬೇರೆ ಏನೂ ಬೇಡ. ಕಾರು ಬಿಡೋಕೆ ಹೇಳಿ, ಅಷ್ಟು ಸಾಕು' ಅಂದ. ನೋಡಿದ್ಯಾ? ನಾನು ಹೇಳಿದ್ದನ್ನೇ ಅವನೂ ಹೇಳಿದ!"

ಜಯಶೀಲಾಗೆ ಕಾಲ ಕೆಳಗಿನ ನೆಲ ಕುಸಿದಂತಾಯಿತು.

'ಕಾರು ಬಿಡಬೇಕಾ...? ಅವರಾ ಹೀಗಂದದ್ದು? ದಿನವೂ ಕಣ್ಣರಳಿಸಿ ನೋಡಿದ್ದು, ಹೊಗಳಿದ್ದು, ಎಲ್ಲ ಸುಳ್ಳಾ? ಮದುವೆಯ ಮಾತು ಬಂದ ಕೂಡಲೇ ಗಂಡಸಿನ ಬುದ್ಧಿ ಬಂದುಬಿಡ್ತಾ?'

ಆದರೂ ತಲೆ ಎತ್ತಿಯೇ ಹೇಳಿದಳು. "ಅತ್ತೆ, ಅವರಿಗೆ ಹೇಳಿ ಕಳಿಸಿ. ನಾನು ಕಾರು ಬಿಡಲ್ಲ. ಏನಾದ್ರೂ ಸರಿ, ಬಿಡಲ್ಲ!"

ಮರುದಿನ ಆ ಮಾತು ಹಾಗೆಯೇ ಜನ್ನಾಪುರ ಮುಟ್ಟಿತು.

ಇತ್ತ ಉಜ್ಜನಪ್ಪನಿಗೆ ಅನ್ನ ಸೇರಲಿಲ್ಲ. 'ಬಿಡಲ್ಲ ಅಂದರಾ? ಧಾರಾಳವಾಗಿ ಬಿಡಲಿ ಅಂತ ತಾನೇ ನಾನು ಹೇಳಿ ಕಳಿಸಿದ್ದು! ರೇಸು ಇಷ್ಟು ಹತ್ತಿರ ಇರುವಾಗ ಕಾರೇ ಬಿಡಲ್ಲ ಅಂದರೆ... ನನ್ನನ್ನು ಮದುವೆ ಆಗಬೇಕಲ್ಲ, ನಾಲ್ಕು ಜನ ಏನಂದುಕೊಂಡಾರು ಅಂತ ಹೆದರಿರಬೇಕು. ನನ್ನಿಂದಾಗಿ ಆ ಕೈ ಸ್ಟೇರಿಂಗ್ ಬಿಡೋ ಹಾಗಾಯ್ತಲ್ಲ!'

ಬಹಳ ಯೋಚಿಸಿ, ಕಣ್ಣು ಒರೆಸಿಕೊಂಡು, ತಾಯಿಯ ಮೂಲಕ ಹೇಳಿ ಕಳಿಸಿದ. 'ಹಾಗಾದರೆ ಈ ಸಂಬಂಧ ಬೇಡ.'

ಮಕ್ಕಳಿಗೆ ಒಂದು ಪದಕ್ಕೆ ಎರಡು ಅರ್ಥ ಹೇಳಿಕೊಡುವ ಮೇಷ್ಟ್ರು ಈತ! ಪರೀಕ್ಷೆಯಲ್ಲಿ ಹುಡುಗರು ಇಂಥಾ ತಪ್ಪು ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ. ಅವನಿಗೆ ಯಾರು ಹೇಳಬೇಕು?

ಆ ಸುದ್ದಿ ಕೇಳಿದ ದಿನ ಜಯಶೀಲಾ ಕಾರಿನ ಮೂತಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿಸಿ ಎಂಜಿನ್ನಿಗೆ ಎಣ್ಣೆ ಹಾಕಿದಳು.

'ಬೇಡ ಅಂದವರಿಗೆ ತೋರಿಸ್ತೀನಿ. ಸೇತುವೆ ಮುಟ್ಟೇ ಮುಟ್ತೀನಿ!'

*

ರೇಸಿನ ದಿನ ತುಂಗಾ ಸೇತುವೆಯ ಎರಡೂ ಬದಿ ಜನವೋ ಜನ. ಗಾಂಧಿ ಬಜಾರಿನವರೆಲ್ಲ ಅಂಗಡಿ ಮುಚ್ಚಿ ಬಂದಿದ್ದರು. ಜಯಶೀಲಾ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ತಲೆಗೆ ವಸ್ತ್ರ ಕಟ್ಟಿ, ಧೂಳಿನ ಕನ್ನಡಕ ಹಾಕಿ ಕೂತಿದ್ದಳು. ಪಕ್ಕದಲ್ಲಿ ದಾಕ್ಷಾಯಣಮ್ಮನ ಮಗ ವೀರಪ್ಪ. ಅವನ ತೊಡೆಯ ಮೇಲೆ ತಾಯಿ ಕಟ್ಟಿಕೊಟ್ಟ ಹೋಳಿಗೆಯ ಡಬ್ಬಿ.

"ಹೆಂಗಸು ಕಣೋ!" ಎಂದು ಯಾರೋ ಕೂಗಿದರು. ಬಾವುಟ ಬಿತ್ತು. ಮಿಡತೆ ನೆಗೆಯಿತು.

ಮಲವಗೊಪ್ಪದ ಕಬ್ಬಿನ ಗದ್ದೆಗಳು ಹಿಂದಕ್ಕೆ ಓಡಿದವು. ದೂರದಲ್ಲಿ ಭದ್ರಾವತಿ ಕಾರ್ಖಾನೆಯ ಚಿಮಣಿ ಕಂಡಿತು. ಕಾರುಗಳು ಹಿಂತಿರುಗುವ ಜಾಗ ಭದ್ರಾ ಹೊಳೆಗೆ ಸ್ವಲ್ಪ ಈಚೆ. ಅಲ್ಲಿ ಮಕ್ಕಳು ರಸ್ತೆಗೆ ನುಗ್ಗದಂತೆ ನೋಡಿಕೊಳ್ಳಲು ಶಾಲೆಯ ಮೇಷ್ಟ್ರುಗಳನ್ನು ನಿಲ್ಲಿಸಿದ್ದರು.

ಅವರಲ್ಲಿ ಒಬ್ಬ, ಕೈಯಲ್ಲಿ ಕೆಂಪು ಬಾವುಟ ಹಿಡಿದು ನಿಂತಿದ್ದ ಉಜ್ಜನಪ್ಪ!

ತುಟಿ ಕಚ್ಚಿ, ಅವನ ಪಾದದ ಹತ್ತಿರವೇ ಚಕ್ರ ತಿರುಗಿಸಿ, ಅವನನ್ನು ಧೂಳಿನಲ್ಲಿ ಮುಳುಗಿಸಿ ಹೊರಟುಹೋದಳು.

ಧೂಳಿನೊಳಗೆ ಮೇಷ್ಟ್ರು ಬಾವುಟ ಎದೆಗವಚಿಕೊಂಡು ನಿಂತಿದ್ದ. 'ಬಿಡಲ್ಲ ಅಂದವರು ಬಿಡ್ತಿದ್ದಾರೆ... ಸದ್ಯ! ನಾನು ದೂರ ಸರಿದದ್ದೇ ಒಳ್ಳೇದಾಯ್ತು.' ಕಣ್ಣಲ್ಲಿ ನೀರು ಬಂತು. ಧೂಳು ಎಂದು ಪಕ್ಕದವರಿಗೆ ಹೇಳಿದ.

ಬಿಸಿಲೇರಿತು. ಮೈಸೂರಿನ ಡಾಕ್ಟರ ಕಾರು ಹೊಗೆಯುಗುಳಿ ನಿಂತಿತು. ಇನ್ನೊಂದರ ಚಕ್ರ ಕಳಚಿ ಗದ್ದೆಗೆ ಹೋಯಿತು. ಮಿಡತೆ ಮಾತ್ರ ಹೋಗುತ್ತಲೇ ಇತ್ತು, ಬರುತ್ತಲೇ ಇತ್ತು. ಮೊದಲು ನಕ್ಕವರು ಈಗ ಅವಳು ಬಂದಾಗ ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದರು. ಕಾರ್ಖಾನೆಯ ಕೆಲಸಗಾರರು ತಮಿಳಿನಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ ಕೂಗುತ್ತಿದ್ದರು.

ಮಧ್ಯಾಹ್ನ ಇಳಿಯುವ ಹೊತ್ತು. ಭದ್ರಾವತಿಯ ತಿರುವಿನಲ್ಲೇ ವೀರಪ್ಪ ಹೊಟ್ಟೆ ಹಿಡಿದುಕೊಂಡ.

"ಜಯಕ್ಕಾ... ನಿಲ್ಸು... ಆಗಲ್ಲ ನಂಗೆ..."

ಹೋಳಿಗೆ ಡಬ್ಬಿ ಖಾಲಿಯಾಗಿತ್ತು! ವೀರಪ್ಪ ಇಳಿದವನೇ ಬೇಲಿ ಪಕ್ಕ ಕುಕ್ಕರಿಸಿ ವಾಂತಿ ಮಾಡತೊಡಗಿದ. ಮತ್ತೆ ಕಾರು ಹತ್ತುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಸಂಘದವರು ಓಡಿ ಬಂದರು. "ಒಬ್ಬರೇ ಹೋಗೋ ಹಾಗಿಲ್ಲಮ್ಮ. ಪಕ್ಕದಲ್ಲಿ ಇನ್ನೊಬ್ಬರು ಇರ್ಲೇಬೇಕು."

ಜಯಶೀಲಾ ಸುತ್ತ ನೋಡಿದಳು. ಅಷ್ಟು ಜನರಲ್ಲಿ ಯಾರೂ ಮುಂದೆ ಬರಲಿಲ್ಲ. ಮದುವೆಯಾಗದ ಹುಡುಗಿಯ ಪಕ್ಕ, ಊರೆಲ್ಲ ನೋಡುವಾಗ ಯಾರು ಕೂತಾರು? ಎಂಜಿನ್ ಗುರುಗುಡುತ್ತಿತ್ತು. 'ಮುಗೀತಾ...? ಕಾರು ಗಟ್ಟಿಯಾಗಿದೆ, ಕೈ ಗಟ್ಟಿಯಾಗಿದೆ, ಒಂದು ಸೀಟು ಖಾಲಿ ಅಂತ ಸೋಲಬೇಕಾ?'

"ನಾನು ಕೂರ್ತೀನಿ."

ಉಜ್ಜನಪ್ಪ ಬಾವುಟವನ್ನು ಪಕ್ಕದ ಮೇಷ್ಟ್ರ ಕೈಗಿಟ್ಟು, ಪಂಚೆ ಎತ್ತಿ ಕಟ್ಟಿ, ಬಾಗಿಲೂ ತೆಗೆಯದೆ ಒಳಗೆ ಹಾರಿ ಕೂತೇಬಿಟ್ಟ.

ವಾದ ಮಾಡಲು ಹೊತ್ತಿರಲಿಲ್ಲ. ಅವಳು ಗೇರು ಹಾಕಿದಳು. ಊರು ಹಿಂದೆ ಬಿತ್ತು. ಆಮೇಲೆ ಎಂಜಿನ್ ಸದ್ದಿನ ಮೇಲೆ ಅವಳೇ ಕಿರುಚಿದಳು.

"ನಾಚಿಕೆ ಆಗಲ್ವಾ ನಿಮಗೆ? ಕಾರು ಬಿಡು ಅಂದೋರು ಈಗ ಬಂದು ಕೂತ್ಕೋತೀರಾ?"

"ಏನು?"

"ಕಾರು ಬಿಡು ಅಂದ್ರಲ್ಲಾ!"

"ಹೌದು! ಬಿಡಿ ಅಂದೆ! ನೀವೇ ಬಿಡಲ್ಲ ಅಂದ್ರಿ!"

"ಬಿಡಲ್ಲ ಅಂದೆ! ಇವತ್ತೂ ಬಿಡಲ್ಲ, ನಾಳೆನೂ ಬಿಡಲ್ಲ!"

"ಬಿಡ್ತಾ ಇದ್ದೀರಲ್ರೀ!"

ಅವಳು ತಟ್ಟನೆ ಅವನತ್ತ ತಿರುಗಿದಳು. ಅವನೂ ಅವಳನ್ನೇ ನೋಡುತ್ತಿದ್ದ. ಒಂದು ಎತ್ತಿನಗಾಡಿ ಕೂದಲೆಳೆಯಲ್ಲಿ ತಪ್ಪಿತು.

"ನೀವು ಬಿಡು ಅಂದದ್ದು..." ಅವಳ ದನಿ ಇಳಿಯಿತು, "ಓಡಿಸು ಅಂತಾ?"

"ಮತ್ತೇನು ಬಿಟ್ಟುಬಿಡಿ ಅಂತ ಹೇಳ್ತೀನಾ? ನೀವು... ನೀವು ಬಿಡಲ್ಲ ಅಂದದ್ದು ಓಡಿಸಲ್ಲ ಅಂತ ಅಲ್ವಾ?"

"ಅಯ್ಯೋ, ನಿಮ್ಮ ಕನ್ನಡಕ್ಕಿಷ್ಟು!" ಎಂದಳು. ಅದೇ ಉಸಿರಿಗೆ ಅಳು ಬಂತು, ನಗುವೂ ಬಂತು. ಕನ್ನಡಕದ ಒಳಗೆಲ್ಲ ನೀರು. "ಅಷ್ಟು ದಿನ ಅತ್ತಿದ್ದೀನಿ ಕಣ್ರೀ ನಾನು! ಸಂಬಂಧ ಬೇಡ ಅಂತ ಬೇರೆ ಹೇಳಿ ಕಳಿಸಿದ್ರಿ!"

"ನನ್ನಿಂದ ನೀವು ಸ್ಟೇರಿಂಗ್ ಬಿಡೋದು ನನಗೆ ಬೇಕಿರ್ಲಿಲ್ಲ. ನಿಮ್ಮನ್ನ ಬಿಟ್ಟು ಇರೋದೇ ವಾಸಿ ಅನ್ನಿಸ್ತು." ಗಾಳಿಗೆ ಅವನ ಮಾತು ಅರ್ಧ ಹಾರಿಹೋಯಿತು. ಆದರೂ ಅವಳಿಗೆ ಪೂರ್ತಿ ಕೇಳಿಸಿತು.

*

ಕೊನೆಯ ಸುತ್ತು. ಹೊತ್ತು ಪಡುವಣಕ್ಕೆ ವಾಲಿತ್ತು. ಸೇತುವೆಯ ಕಡೆ ಮುಖಮಾಡಿ ಮಲವಗೊಪ್ಪ ದಾಟುವಾಗ ಎಂಜಿನ್ನಿನೊಳಗೆ ಫಟ್ಟೆಂದು ಸದ್ದಾಯಿತು. ಕಾರಿನ ಮೂತಿಯಿಂದ ಬಿಳಿಯ ಹಬೆ ಎದ್ದಿತು.

ಜಯಶೀಲಾ ಇಳಿದು ಬಾನೆಟ್ ಎತ್ತಿದಳು. "ಫ್ಯಾನ್ ಬೆಲ್ಟ್ ಹರೀತು. ಫ್ಯಾನ್ ತಿರುಗದಿದ್ರೆ ನೀರು ಕುದಿಯುತ್ತೆ, ಎಂಜಿನ್ ಹಿಡಿದುಕೊಳ್ಳುತ್ತೆ."

"ಈಗ?"

ಅವಳು ಅವನ ಹೆಗಲು ನೋಡಿದಳು. "ಆ ಶಲ್ಯ ಕೊಡಿ."

ಅವನು ಯಾಕೆ ಎಂದು ಕೇಳಲಿಲ್ಲ. ಅವಳು ಶಲ್ಯವನ್ನು ಉದ್ದಕ್ಕೆ ಹರಿದು, ಗಟ್ಟಿಯಾಗಿ ಹುರಿಹೊಸೆದಳು. ಬಿಸಿ ಕಬ್ಬಿಣ ತಾಗಿ ಬೆರಳು ಸುಟ್ಟರೂ ಕೈ ಹಿಂದೆಗೆಯದೆ ಫ್ಯಾನ್ ಬೆಲ್ಟಿನ ಪುಟ್ಟ ಗಾಲಿಗಳಿಗೆ ಸುತ್ತಿ ಬಿಗಿದು ಗಂಟು ಹಾಕಿದಳು. ಅವನು ಕಾಲುವೆಯಿಂದ ಡಬ್ಬಿಯಲ್ಲಿ ನೀರು ತಂದು ತಂದು ಸುರಿದ. ಹಿಂದಿನಿಂದ ತೋಟದ ಸಾಹುಕಾರರ ದೊಡ್ಡ ಕಾರು ಹಾರನ್ ಹೊಡೆಯುತ್ತ ದಾಟಿ ಹೋಯಿತು.

"ಹೋಗ್ಲಿ ಬಿಡಿ," ಎಂದಳು. "ನಾನು ಅವರ ಜೊತೆ ಓಡ್ತಿಲ್ಲ."

ಎಂಜಿನ್ ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಚಾಲೂ ಆಯಿತು! ಫ್ಯಾನ್ ತಿರುಗಿತು!

ಅಲ್ಲಿಂದ ಅವಳು ಕಾರನ್ನು ಕೂಸಿನಂತೆ ತಂದಳು. ಜೋರು ಮಾಡಿದರೆ ಗಂಟು ಬಿಚ್ಚುತ್ತದೆ, ನಿಧಾನಿಸಿದರೆ ಹೊತ್ತು ಮುಳುಗುತ್ತದೆ. ಪಕ್ಕದಲ್ಲಿದ್ದವನು ಉಸಿರು ಬಿಗಿಹಿಡಿದು ಕೂತಿದ್ದ. ಒಂದು ಬುದ್ಧಿಮಾತನ್ನೂ ಹೇಳಲಿಲ್ಲ. ಅದಕ್ಕೇ ಅವನ ಮೇಲೆ ಅವಳಿಗೆ ಪ್ರೀತಿ ಉಕ್ಕಿತು.

ಸೇತುವೆ ಕಂಡಿತು. ತುಂಗೆಯ ನೀರಿನ ಮೇಲೆ ಕೆಂಪು ಬಿಸಿಲಿತ್ತು. "ಬಂದ್ಲು! ಬಂದ್ಲು ಕಣ್ರೋ!" ಎಂದು ಜನ ಕುಣಿದರು. ಕಾಯುತ್ತಿದ್ದ ಹೆಂಗಸರು ಸೆರಗು ಬೀಸಿದರು. ಹಬೆಯಾಡುತ್ತ, ನಡುಗುತ್ತ, ಹೊತ್ತು ಮುಳುಗುವ ಮೊದಲೇ ಮಿಡತೆ ಗೆರೆ ದಾಟಿತು.

ಮೊದಲು ಬಂದದ್ದು ಸಾಹುಕಾರರ ಕಾರು. ಮಿಡತೆ ಮೂರನೆಯದು. ಆದರೆ ಬೆಳಿಗ್ಗೆ ಹೊರಟ ಅಷ್ಟೊಂದು ಕಾರುಗಳಲ್ಲಿ ಕೊನೆಯವರೆಗೂ ಓಡಿದ್ದು ಮೂರೇ!

ಷಡಕ್ಷರಪ್ಪ ಜನರನ್ನು ಸರಿಸಿಕೊಂಡು ಬಂದರು. ಹೊಸ ಕೋಟಿನ ತೋಳಿನಿಂದ ಕಾರಿನ ಮೇಲಿನ ಧೂಳು ಒರೆಸುತ್ತ ನಿಂತರು. ಯಾರೋ ಪರವೂರಿನವರು ಕೇಳಿದರು, "ಯಾರ ಕಾರು ಸ್ವಾಮಿ ಇದು?"

"ನನ್ನ ಮಗಳದ್ದು," ಎಂದರು ವಕೀಲರು. ಇಡೀ ಸೇತುವೆಗೆ ಕೇಳುವಂತೆ ಇನ್ನೊಮ್ಮೆ ಹೇಳಿದರು. "ನನ್ನ ಮಗಳದ್ದು ಸ್ವಾಮಿ!"

ಜಯಶೀಲಾಗೆ ಬಹುಮಾನಕ್ಕಿಂತ ಅದೇ ದೊಡ್ಡದಾಯಿತು. ಸುಟ್ಟ ಬೆರಳುಗಳಲ್ಲೇ ತಂದೆಯ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ಅಷ್ಟರಲ್ಲಿ ದಾಕ್ಷಾಯಣಮ್ಮನ ಕಣ್ಣು ಪಕ್ಕದ ಸೀಟಿಗೆ ಬಿತ್ತು. "ಇವನ್ಯಾಕೆ ಇಲ್ಲಿ? ನನ್ನ ಮಗ ಎಲ್ಲಿ?"

"ಹೋಳಿಗೆ ಜಾಸ್ತಿ ಆಯ್ತು ಅತ್ತೆ, ಭದ್ರಾವತೀಲಿ ಮಲಗಿದ್ದಾನೆ. ಗಾಬರಿ ಬೇಡ. ಇವರ ಸಮಾಚಾರ ಆಮೇಲೆ ಹೇಳ್ತೀನಿ."

ಆಮೇಲೆ ಎನ್ನುವುದಕ್ಕೆ ಎಲ್ಲಿ ಪುರುಸೊತ್ತು? ಸಂಘದ ಕಾರ್ಯದರ್ಶಿ ಲಕ್ಷ್ಮೀಕಾಂತರು ಮೈಕು ಹಿಡಿದು ಬಂದೇಬಿಟ್ಟರು. ಅವರ ದನಿ ಸೇತುವೆಯ ಆ ತುದಿಯವರೆಗೂ ಮೊಳಗಿತು.

"ಮಹಾಜನರೇ! ಈ ರೇಸು ಮುಗಿಸಿದ ಏಕೈಕ ಮಹಿಳೆ, ನಮ್ಮ ಶಿವಮೊಗ್ಗದ ಹೆಮ್ಮೆ, ಕುಮಾರಿ ಜಯಶೀಲಾ!" ಚಪ್ಪಾಳೆ ನಿಲ್ಲುವವರೆಗೆ ಕಾದು, ಅವರು ಧೂಳಿನಲ್ಲಿ ಗುರುತೇ ಸಿಗದಂತಿದ್ದ ಮೇಷ್ಟ್ರತ್ತ ತಿರುಗಿದರು. "ಅಮ್ಮಾ, ಪಕ್ಕದಲ್ಲಿ ಕೂತು ಬಂದ ಇವರು ಯಾರು? ನಿಮಗೆ ಏನಾಗಬೇಕು?"

ದಾಕ್ಷಾಯಣಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಉಜ್ಜನಪ್ಪ ಗಾಬರಿಯಿಂದ ಏನೋ ಹೇಳಲು ಬಾಯಿ ತೆರೆದ.

ಜಯಶೀಲಾ ತಂದೆಯ ಮುಖ ನೋಡಿದಳು. ಷಡಕ್ಷರಪ್ಪ ಮೀಸೆಯೊಳಗೇ ನಕ್ಕರು.

ಅವಳು ಮೈಕನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು.

"ಇವರು ಉಜ್ಜನಪ್ಪ ಅಂತ. ಇನ್ನೂ ಏನೂ ಆಗಿಲ್ಲ," ಎಂದಳು. "ಯಜಮಾನರಾಗಬೇಕು."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಎದ್ದ ಕೂಗಿಗೆ ಹೊಳೆಯ ದಡದ ಕೊಕ್ಕರೆಗಳೆಲ್ಲ ಹಾರಿಹೋದವು.

ಆ ಗದ್ದಲದಲ್ಲಿ ಉಜ್ಜನಪ್ಪ ಅವಳ ಕಡೆ ಬಾಗಿದ. ಕಿವಿಯವರೆಗೂ ಕೆಂಪಾಗಿದ್ದ.

"ರೀ... ಮೈಕು ಆನ್ ಇತ್ತು!"

"ಗೊತ್ತಿತ್ತು," ಎಂದಳು ಜಯಶೀಲಾ.